ನಾಲ್ಕು ತಟ್ಟೆಗಳು

ಬಾಗಿಲು ತಟ್ಟುವ ಸೌಜನ್ಯವನ್ನೂ ಅವಳು ತೋರಿಸಲಿಲ್ಲ. ಸಭೆ ನಡೆಯುತ್ತಿದ್ದ ಕೋಣೆಗೆ ನುಗ್ಗಿ, ಮುಚ್ಚಳ ಹಾಕಿದ ನಾಲ್ಕು ಗಾಜಿನ ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿದಳು. ಅಧ್ಯಕ್ಷೆಯ ಚಹಾ ತುಳುಕಿತು.

"ನನ್ನ ಯೋಜನೆ ರದ್ದು ಮಾಡೋಕೆ ಮುಂಚೆ ಇದನ್ನ ನೋಡಿ."

ಮೇಜಿನ ಆ ಬದಿಯಲ್ಲಿ ನಿಧಿ ಅಧಿಕಾರಿ ಕರವಸ್ತ್ರದಿಂದ ಮೂಗು ಒರೆಸಿಕೊಂಡ. ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಕೆಲಸಗಳಿಗೆ ಹಣ ಮಂಜೂರು ಮಾಡುವವನು ಅವನು. ಸಂಸ್ಥೆಯಲ್ಲಿ ಅವನ ಅಡ್ಡಹೆಸರು ಕತ್ತರಿ. ಅವನ ಕೈಗೆ ಹೋದ ಅರ್ಜಿ ಇಡಿಯಾಗಿ ವಾಪಸ್ ಬಂದ ಉದಾಹರಣೆ ಇರಲಿಲ್ಲ.

ಅವಳದೂ ಇಡಿಯಾಗಿ ಬಂದಿರಲಿಲ್ಲ. ಸೂಕ್ಷ್ಮಜೀವಿಗಳನ್ನು ಶಾಲಾಮಕ್ಕಳಿಗೆ ಪರಿಚಯ ಮಾಡಿಸುವುದು ಅವಳ ಕೆಲಸ. ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಅಗರ್ ಎಂಬ ಲೋಳೆ ತುಂಬಿದ ತಟ್ಟೆಗೆ ಮಕ್ಕಳು ಬೆರಳೊತ್ತುತ್ತಾರೆ. ಎರಡು ದಿನಕ್ಕೆ ಅದರ ಮೇಲೆ ಚುಕ್ಕೆಚುಕ್ಕೆಯಾಗಿ ಬ್ಯಾಕ್ಟೀರಿಯಾ ಬೆಳೆದದ್ದನ್ನು ಕಂಡು, "ಅಯ್ಯಪ್ಪಾ" ಎನ್ನುತ್ತ ನಲ್ಲಿಯ ಕಡೆ ಓಡುತ್ತಾರೆ. ಕತ್ತರಿ ಅವಳ ಅರ್ಜಿಯಲ್ಲಿ ಪ್ಲಾಸ್ಟಿಕ್ ತಟ್ಟೆಗಳ ಖರ್ಚನ್ನು ಹೊಡೆದುಹಾಕಿದ: "ಹಳೇ ಗಾಜಿನವು ಇದಾವಲ್ಲ, ತೊಳೆದು ಬಳಸಿ." ಬೇಕರಿಯ ತಿಂಡಿಯನ್ನೂ ಹೊಡೆದುಹಾಕಿದ: "ಪಾಠ ಸಾಕು, ಪಾರ್ಟಿ ಯಾಕೆ?"

ಆ ಹಳೆಯ ತಟ್ಟೆಗಳಲ್ಲೊಂದು ತೊಳೆಯುವಾಗಲೇ ಒಡೆದು ಅವಳ ಹೆಬ್ಬೆರಳನ್ನು ಸೀಳಿತ್ತು. ಅವನಿಗೆ ಸೋಲುವ ಜಾಯಮಾನ ಅವಳದಲ್ಲ. ಪಟ್ಟಿ ಸುತ್ತಿಕೊಂಡು, ಬಿಸ್ಕತ್ತನ್ನು ಮನೆಯಲ್ಲೇ ಬೇಯಿಸಿ, ಪ್ರತಿಯೊಂದರ ಮೇಲೂ ಕ್ರೀಮಿನಲ್ಲಿ ದುಂಡನೆಯ, ಉದ್ದನೆಯ ಜೀವಾಣುಗಳ ಚಿತ್ರ ಬರೆದಳು. ಬೆಳಿಗ್ಗೆ ಡಬ್ಬ ವ್ಯಾನಿಗೆ ಹೋಗುತ್ತಿತ್ತು; ಮಧ್ಯಾಹ್ನ ಪಾಠ ಮುಗಿದ ಮೇಲೆ ತೆರೆಯುತ್ತಿತ್ತು.

ಮುಂದೆ ಆದದ್ದು ಊರಿಗೆಲ್ಲ ಗೊತ್ತು. ಮೂರು ಶಾಲೆ, ಮೂರು ಕಾರ್ಯಕ್ರಮ, ಮೂರು ಸಲವೂ ಸಂಜೆಯ ಹೊತ್ತಿಗೆ ಮಕ್ಕಳಿಗೆ ವಾಂತಿ. ಮೂರನೆಯದು ಅವಳ ಮಗಳ ಶಾಲೆ. ಎಂಟು ವರ್ಷದ ಆ ಪುಟ್ಟ ಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿದಾಗ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಮೂರು ಶಾಲೆಗೂ ಕತ್ತರಿ ಬಂದಿದ್ದ. ಸೀನುತ್ತಲೇ ಬಂದಿದ್ದ. ಫೋಟೋಗೆಂದು ಡಬ್ಬಕ್ಕೆ ಕೈ ಹಾಕಿ ಬಿಸ್ಕತ್ತು ಹಂಚಿದ್ದ.

ಈಗ ಅದೇ ಮನುಷ್ಯ "ಕಾರ್ಯಕ್ರಮದಿಂದ ಮಕ್ಕಳಿಗೆ ಅಪಾಯ" ಎಂದು ಷರಾ ಬರೆದು, ಇಡೀ ಯೋಜನೆಗೆ ಎಳ್ಳುನೀರು ಬಿಡಲು ಕೂತಿದ್ದ!

"ಮಿಕ್ಕ ಬಿಸ್ಕತ್ತಿನ ಕ್ರೀಮ್ ಪರೀಕ್ಷೆ ಮಾಡಿದೀನಿ," ಎಂದಳು. "ಚಿನ್ನದ ಬಣ್ಣದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ. ಮನುಷ್ಯರ ಮೈಯಿಂದಾನೇ ಬರೋದು. ಮೂಗಿಂದ ಬೆರಳಿಗೆ, ಬೆರಳಿಂದ ಕ್ರೀಮಿಗೆ. ಅಲ್ಲಿ ಗಂಟೆಗಟ್ಟಲೆ ಕೂತು ವಿಷ ಮಾಡತ್ತೆ."

"ನಾನು ಹಂಚಿದ ಐದು ನಿಮಿಷಕ್ಕೆಲ್ಲ ಮಕ್ಕಳು ತಿಂದು ಮುಗಿಸಿದ್ರಲ್ಲ ಮೇಡಂ," ಎಂದ ಕತ್ತರಿ.

"ಕಥೆ ಹೇಳಬೇಡಿ!"

ಎರಡು ದಿನದ ಹಿಂದೆ ಅವಳು ಹಟ ಹಿಡಿದು ಎಲ್ಲರಿಂದ ಈ ತಟ್ಟೆಗಳಿಗೆ ಬೆರಳೊತ್ತಿಸಿದ್ದಳು. ಮೂರು ಸಲವೂ ಡಬ್ಬ ಮುಟ್ಟಿದವರು ಕತ್ತರಿ, ವ್ಯಾನ್ ಚಾಲಕ, ಫೋಟೋಗ್ರಾಫರ್. ಜೊತೆಗೆ ಹೋಲಿಕೆಗೊಂದು ಶುಭ್ರವಾದ ಕೈ ಇರಲೆಂದು ಒಂದು ತಟ್ಟೆಗೆ ತಾನೇ ಒತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವವಳು. ತಟ್ಟೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಯಾರದು ಯಾವುದೆಂದು ನೋಡುವವರಿಗೆ ತಿಳಿದಿರಬಾರದು, ಅದು ಪ್ರಯೋಗಾಲಯದ ಕಟ್ಟುನಿಟ್ಟು. ನಂಬರು ಹಾಕಿ, ಹೆಸರಿನ ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿಟ್ಟವನು ಶೀಷೆ ಮಾಮ, ಮೂವತ್ತು ವರ್ಷ ಅಲ್ಲಿ ಬಾಟಲಿ ತೊಳೆದ ಸಹಾಯಕ. "ಆ ಬೆರಳು ಇನ್ನೂ ಮಾಯ್ದಿಲ್ವೇನಮ್ಮಾ?" ಎಂದು ಅವನು ಕೇಳಿದಾಗ, "ಮೊದಲು ಈ ಮನುಷ್ಯನ್ನ ಹಿಡಿಯೋಣ ಮಾಮ" ಎಂದು ರೇಗಿದ್ದಳು.

ಈಗ ಮಾಮ ಲಕೋಟೆ ಹಿಡಿದು ಬಾಗಿಲ ಬಳಿ ನಿಂತಿದ್ದ.

ಅಧ್ಯಕ್ಷೆ ಬಗ್ಗಿ ನೋಡಿದರು. ಮೂರು ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಯ ಚುಕ್ಕೆ. ಎರಡನೆಯ ನಂಬರಿನ ತಟ್ಟೆ ಮಾತ್ರ ಚಿನ್ನದ ಬಣ್ಣದ ಚುಕ್ಕೆಗಳಿಂದ ಇಡಿಕಿರಿದಿತ್ತು.

"ಯಾರದಿದು?"

"ಅದಕ್ಕೆ ಮುಂಚೆ ಒಂದು ತೀರ್ಮಾನ ಆಗಲಿ. ಈ ಕೈ ಯಾರದ್ದೋ ಅವರು ಇನ್ನು ಈ ಯೋಜನೆ ಹತ್ರ ಸುಳೀಬಾರದು. ಮೂರೂ ಶಾಲೆಗೆ ಹೋಗಿ ಆ ಅಪ್ಪ ಅಮ್ಮಂದಿರ ಮುಂದೆ ನಿಂತು ತಪ್ಪು ಒಪ್ಕೋಬೇಕು. ಯೋಜನೆ ಮಾತ್ರ ನಿಲ್ಲಬಾರದು."

"ಬರ್ಕೊಳ್ಳಿ," ಎಂದ ಕತ್ತರಿ. "ನಂದಾದ್ರೆ ನಾನೇ ಹೋಗ್ತೀನಿ. ಪ್ಲಾಸ್ಟಿಕ್ ತಟ್ಟೆಗೂ ಹಣ ಕೊಡೋಣ."

ಅವನ ಆ ಸಮಾಧಾನ ಕಂಡು ಅವಳ ಸಿಟ್ಟು ನೆತ್ತಿಗೇರಿತು. ಅಧ್ಯಕ್ಷೆ ಬರೆದು ಸಹಿ ಹಾಕಿದರು. ಅವಳೂ ಹಾಕಿದಳು, ಕಾಗದ ಹರಿಯುವಂತೆ.

ಮಾಮ ಲಕೋಟೆ ಒಡೆದ. ಚೀಟಿ ನೋಡಿದ. ತಟ್ಟೆ ನೋಡಿದ. ಮತ್ತೆ ಚೀಟಿ ನೋಡಿ ಮಡಚಿಕೊಂಡ.

"ಇಲ್ಲಿ ಬೇಡಮ್ಮಾ. ಆಚೆ ಹೋಗಿ ಮಾತಾಡೋಣ."

ಮಾಮನ ನಿವೃತ್ತಿಗೆ ಮೂರೇ ತಿಂಗಳಿತ್ತು. ಬಡಪಾಯಿಗೆ ಪಿಂಚಣಿಯ ಭಯ ಎಂದುಕೊಂಡಳು.

"ಯಾರಿಗೂ ಹೆದರಬೇಡಿ ಮಾಮ. ಎಷ್ಟು ದೊಡ್ಡೋರಾದ್ರೂ ಸರಿ, ಗಟ್ಟಿಯಾಗಿ ಓದಿ. ಆಸ್ಪತ್ರೇಲಿ ಮಲಗಿರೋ ನನ್ನ ಮಗಳಿಗೋಸ್ಕರ ಓದಿ."

ಮಾಮ ಚೀಟಿ ಬಿಡಿಸಿದ. ಅಧಿಕಾರಿಯ ಕಡೆ ನೋಡಲೇ ಇಲ್ಲ. ಅವಳ ಹೆಬ್ಬೆರಳಿನ ಪಟ್ಟಿಯನ್ನೇ ನೋಡುತ್ತಿದ್ದ.

"ಎರಡನೇದು... ಹೋಲಿಕೆಗೆ ಅಂತ ನೀವು ಒತ್ತಿದ್ದು ಕಣಮ್ಮಾ."