ದನದ ಡಾಕ್ಟರ ನಂಬರು

ಸ್ಟೂಲು ಹತ್ತಿ ನಿಂತ ಕ್ಷೌರಿಕ, ಕೂದಲಿಗೆ ಬಣ್ಣ ಹಚ್ಚುವ ಬ್ರಷ್ಷನ್ನು ದನದ ಡಾಕ್ಟರ ಬೋರ್ಡಿಗೆ ತಾಗಿಸುವಷ್ಟರಲ್ಲಿ ಸ್ಕೂಟರಿನಲ್ಲಿ ಡಾಕ್ಟರೇ ಬಂದುಬಿಟ್ಟರು. "ಏನ್ರೀ ಮಾಡ್ತಿದ್ದೀರಾ?"

"ನಿಮ್ಮ ನಂಬರಲ್ಲಿ ಎಂಟರ ಅರ್ಧ ಬಣ್ಣ ಉದುರಿ ಮೂರಾಗಿದೆ ಸಾರ್. ಮೂರು ಹಾಕಿದ್ರೆ ನನ್ನ ಫೋನಿಗೆ ಬರುತ್ತೆ. ಮೂರು ತಿಂಗಳಿಂದ ಊರಿನ ದನಗಳ ಕಾಯಿಲೆಯೆಲ್ಲ ನನಗೇ! ರಾಂಗ್ ನಂಬರ್ ಅಂದ್ರೆ ಬೈತಾರೆ. ನಿನ್ನೆ ಗಿರಾಕಿಯ ಕೆನ್ನೆ ಕುಯ್ದುಬಿಟ್ಟೆ. ಇವತ್ತು ಒಬ್ಬರು ಬೋರ್ಡ್ ನೋಡಿ ಫೋನ್ ಮಾಡಿದ್ದು ಅಂದ್ರು, ಓಡಿ ಬಂದೆ."

ಡಾಕ್ಟರು ಬೋರ್ಡನ್ನೇ ನೋಡುತ್ತ ನಿಂತರು. "ಜನಕ್ಕೆ ನನ್ನ ಮೇಲೆ ನಂಬಿಕೆ ಹೋಯ್ತು ಅಂದ್ಕೊಂಡಿದ್ದೆ ಕಣ್ರೀ. ಈ ತಿಂಗಳು ಕ್ಲಿನಿಕ್ಕೇ ಮುಚ್ಚೋದಿತ್ತು" ಎಂದರು.

ಅಷ್ಟರಲ್ಲಿ ಕ್ಷೌರಿಕನ ಫೋನು ಬಡಿದುಕೊಂಡಿತು. ಈ ಸಲ ಅವನು ಸಿಡುಕಲಿಲ್ಲ. "ಒಂದ್ನಿಮಿಷ ಅಮ್ಮ, ಡಾಕ್ಟರಿಗೇ ಕೊಡ್ತೀನಿ" ಎಂದು ಫೋನನ್ನು ಕೆಳಗೆ ಚಾಚಿದ. ಡಾಕ್ಟರು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. "ಬೆಳಗ್ಗೆಯಿಂದ ತಿಣುಕ್ತಿದ್ರೂ ಎಮ್ಮೆ ಈದಿಲ್ವಾ? ಇಗೋ, ಬಂದೆ!" ಎಂದವರೇ ಫೋನನ್ನು ತಮ್ಮ ಜೇಬಿಗೆ ಹಾಕಿಕೊಂಡು ಸ್ಕೂಟರ್ ತಿರುಗಿಸಿ ಹೊರಟೇಹೋದರು.

ಕೂಗಿ ಕರೆಯಲು ಬಾಯಿ ತೆರೆದ ಕ್ಷೌರಿಕ ಹಾಗೇ ಸುಮ್ಮನಾದ. ಸಂಜೆಯವರೆಗೂ ಫೋನು ಅವರ ಹತ್ತಿರವೇ ಇರಲಿ ಎನಿಸಿ, ಸ್ಟೂಲಿನ ಮೇಲೆಯೇ ನೆಮ್ಮದಿಯಾಗಿ ನಕ್ಕುಬಿಟ್ಟ.