ಮೂಗುತಿಯ ತಿರುಪು

ಮುಖ ತೊಳೆಯುತ್ತಿದ್ದ ನಾಗರತ್ನಾಳ ಅಂಗೈಗೆ ಮೂಗುತಿ ಉದುರಿತು. ಅದರ ತಿರುಪು ಮಾತ್ರ ಇರಲಿಲ್ಲ.

ಮರ್ಫಿ ಟೌನಿನ ಆ ಒಂಟಿ ಕೋಣೆಗೆ ಬೆಳಕು ಆಗಷ್ಟೇ ಇಣುಕುತ್ತಿತ್ತು. ಬೆಳಗಿನ ಜಾವದ ಕನಸು ಅವಳ ಕಣ್ಣಿಂದ ಪೂರ್ತಿ ಇಳಿದಿರಲಿಲ್ಲ. ಹಲಸೂರು ಕೆರೆಯ ಮೇಲೆ ಯುದ್ಧವಿಮಾನವೊಂದು ಸದ್ದಿಲ್ಲದೆ ತೇಲುತ್ತಿತ್ತು. ಅದರ ಹೊಟ್ಟೆಯೊಳಗೆಲ್ಲೋ ಕಳಚಿ ಬಿದ್ದ ಒಂದೇ ಒಂದು ಗೆಜ್ಜೆ ಕಿಣಿಕಿಣಿ ಅನ್ನುತ್ತಿತ್ತು. ಆ ಸದ್ದು ಯಾವುದೆಂದು ಅವಳಿಗೆ ಈಗ ಹೊಳೆಯಿತು.

ಅವಳ ಕೆಲಸವೇ ಅಂಥ ವಿಮಾನಗಳ ಎಂಜಿನ್ ರಿಪೇರಿ. ಆ ಶೆಡ್ಡಿಗೆ ಬಳೆ, ತಾಳಿ, ಉಂಗುರ ಎಲ್ಲವನ್ನೂ ಬಾಗಿಲಲ್ಲೇ ಬಿಚ್ಚಿಟ್ಟು ಹೋಗಬೇಕು. ಮೂಗುತಿ ತೆಗೆಯಲಾರೆ ಎಂದು ಹಟ ಹಿಡಿದವಳಿಗೆ, ಮೇಲೊಂದು ಪ್ಲಾಸ್ಟರ್ ಅಂಟಿಸಿಕೊಂಡರೆ ಸರಿ ಎಂದು ಬಿಟ್ಟಿದ್ದರು. ಮೊನ್ನೆ ಆಯುಧಪೂಜೆ. ಹಬ್ಬದ ದಿನವೂ ಮೂಗಿಗೆ ಪಟ್ಟಿ ಯಾಕೆ ಎಂದು ಇವಳು ಅಂಟಿಸಿರಲಿಲ್ಲ. ಅದೇ ದಿನ ಎಂಜಿನ್ನಿನ ಬಾಯೊಳಗೆ ತಲೆ ತೂರಿಸಿ ಕೆಲಸ ಮುಗಿಸಿದ್ದಳು. ನಿನ್ನೆ ರಜೆ. ಇವತ್ತು ಅದನ್ನು ಓಡಿಸಿ ನೋಡಿ ವಿಮಾನಕ್ಕೆ ಕೂರಿಸಲು ಕಳಿಸುತ್ತಾರೆ. ಗಾಳಿ ಕುಡಿಯುವ ಆ ಬಾಯಿಗೆ ಚೂರು ಲೋಹ ಸಿಕ್ಕರೂ ಒಳಗೆ ಸುತ್ತುವ ರೆಕ್ಕೆಗಳು ಮುರಿದು ಹೋಗುತ್ತವೆ. ಆಕಾಶದಲ್ಲಿ ಹಾಗಾದರೆ ಓಡಿಸುವ ಹುಡುಗನ ಗತಿ ಏನು?

“ಸುಮ್ನಿರು, ಯಾರಿಗೂ ಹೇಳಬ್ಯಾಡ,” ಎಂದ ಗಂಡ ದುರ್ಗೇಶ, ಹಾಸಿಗೆ ಕೊಡವುತ್ತ. “ಇಲ್ಲೇ ಎಲ್ಯಾರ ಬಿದ್ದಿರ್ತದ. ನಿನ್ನ ನೌಕರಿ ಇನ್ನಾ ಪರ್ಮನೆಂಟ್ ಆಗಿಲ್ಲ.”

“ಇಲ್ಲಿ ಬಿದ್ದಿರದಿದ್ರ?”

ದುರ್ಗೇಶ ಚಾಪೆ ಎತ್ತಿ ಅದರ ಕೆಳಗೆ ನೋಡಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಹಬ್ಬಕ್ಕೆ ಕಟ್ಟಿದ್ದ ಬಾಳೆಕಂದು ಬಾಡಿ ಜೋತುಬಿದ್ದ ಆಟೋಗಳು, ರಸ್ತೆಯ ತುಂಬ ಒಡೆದ ಕುಂಬಳಕಾಯಿಯ ಕೆಂಪು, ಕೆರೆಯ ಮೇಲೆ ಮಂಜು. ಎಲ್ಲವೂ ಕನಸಿನ ಮುಂದುವರಿದ ಭಾಗದಂತೆ ಹಿಂದೆ ಸರಿಯುತ್ತಿದ್ದವು. ಬಾಯಿ ಮುಚ್ಚಿಕೊಂಡಿದ್ದರೆ ನೌಕರಿ ಉಳಿಯುತ್ತದೆ ಎಂದು ಒಮ್ಮೆ ಅನ್ನಿಸಿತು. ಆ ಕಿಣಿಕಿಣಿ ಕಿವಿ ಬಿಟ್ಟು ಹೋಗಲಿಲ್ಲ.

ಸೂಪರ್‌ವೈಸರ್ ಚಂದ್ರಶೇಖರಯ್ಯ ಹಣೆತುಂಬ ವಿಭೂತಿ ಬಳಿದುಕೊಂಡು ಎಂಜಿನ್ನಿನ ಪಕ್ಕದಲ್ಲೇ ನಿಂತಿದ್ದರು. ಶಿಸ್ತಿನ ವಿಷಯದಲ್ಲಿ ಅವರು ಸ್ವಂತ ಅಳಿಯನನ್ನೂ ಬಿಡುವವರಲ್ಲ. ಪೂಜೆಯ ದಿನ ಎಂಜಿನ್ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಹೂವು ಕುಂಕುಮವೆಲ್ಲ ಟೂಲ್ ಬಾಕ್ಸಿಗಷ್ಟೇ, ಗೆರೆ ದಾಟಿ ಒಂದು ಎಸಳೂ ಹೋಗಕೂಡದು ಎಂದು ಎಲ್ಲರನ್ನೂ ಗದರಿಸಿದ್ದರು. ನಾಗರತ್ನಾ ಅಂಗೈ ಬಿಡಿಸಿ ತಿರುಪಿಲ್ಲದ ಮೂಗುತಿ ತೋರಿಸಿದಳು.

“ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ನಿನ್ನ ನೋಡೇ ಹೇಳಿರ್ಬೇಕು,” ಎಂದರು ಚಂದ್ರಶೇಖರಯ್ಯ. “ಹೆಣ್ಮಕ್ಳು ಈ ಕೆಲ್ಸಕ್ಕೆ ಬೇಡ ಅಂದೋರ ಬಾಯಿಗೆ ನೀನೇ ಸಕ್ಕರೆ ಹಾಕ್ದೆ. ಇವತ್ತಿನ ರನ್ ಕ್ಯಾನ್ಸಲ್. ಹುಡುಕು. ಸಿಗ್ಲಿಲ್ಲ ಅಂದ್ರೆ ಎಂಜಿನ್ ಪೂರ್ತಿ ಬಿಚ್ಬೇಕು. ಸಿಕ್ರೆ, ನಾನೇ ನಿನ್ನ ಮೇಲೆ ರಿಪೋರ್ಟ್ ಕೊಡ್ಬೇಕು.”

ಅವಳು ಟಾರ್ಚ್ ಹಿಡಿದು ಬಾಯಿಯ ಮುಂದೆ ಮಂಡಿಯೂರಿದಳು. ಮುಂದಿನ ಸಾಲಿನ ಅಲುಗಾಡದ ರೆಕ್ಕೆಗಳ ಸಂದಿಯಲ್ಲಿ ಬೆಳಕು ತೂರದ ಕಡೆ ಕೈ ತೂರಿಸಿದಳು. ತೋಳಿನವರೆಗೂ ತಂಪು. ಕೆರೆಯೊಳಗೆ ಕೈ ಇಳಿಬಿಟ್ಟ ಹಾಗಿತ್ತು. ಶೆಡ್ಡಿನ ಮಾತು, ಹೆಜ್ಜೆ ಎಲ್ಲ ದೂರದ ದಡದಲ್ಲಿ ಕೇಳಿಸುತ್ತಿದ್ದವು. ಕಣ್ಣು ಮುಚ್ಚಿದಳು. ಬೆರಳ ತುದಿಯೊಂದೇ ಎಚ್ಚರವಾಗಿತ್ತು.

ಆ ದಡದಲ್ಲಿ ಫೋನ್ ಬಡಿದುಕೊಂಡಿತು. ಮಾತಾಡಿ ಬಂದ ಚಂದ್ರಶೇಖರಯ್ಯನವರ ದನಿಯಲ್ಲಿ ನಗು ಇತ್ತು.

“ನಿಮ್ಮ ಯಜಮಾನ್ರು. ಅಂಗಡಿ ಮುಂದಿನ ಒಂದ್ರೂಪಾಯಿ ಫೋನಿಂದ ಮಾಡಿದ್ರು. ತಿರುಪು ಕೌದಿ ಮಡಿಕೇಲಿ ಸಿಕ್ತಂತೆ. ಕೂಸನ್ನ ಕಂಕುಳಲ್ಲಿ ಇಟ್ಕೊಂಡು ಊರೆಲ್ಲ ಹುಡುಕಿಸಿದ್ಯಲ್ಲಮ್ಮ. ಕೈ ತೆಗಿ, ಓಡ್ಸೋಣ.”

ನಾಗರತ್ನಾಳಿಗೆ ಅಳುವೇ ಬಂತು. ಊರಲ್ಲಿ ಮೂರೂ ಹೊತ್ತು ಹುಲಿಗೆಮ್ಮ ದೇವಿಯನ್ನು ನೆನೆಯುವ ಅತ್ತೆಯ ಹರಕೆಯೇ ಕಾಯಿತು ಅಂದುಕೊಂಡಳು. ಆದರೆ ಕೈ ಹಿಂದಕ್ಕೆ ಬರಲಿಲ್ಲ. ತಳದಲ್ಲಿ, ರೆಕ್ಕೆಯ ಬುಡದ ಹಿಂದೆ, ತೆಳ್ಳಗಿನದೊಂದು ಬೆರಳಿಗೆ ತಾಕಿತ್ತು.

“ಸರ್, ಏನೋ ಇದೆ.”

“ಸಿಕ್ತು ಅಂದ್ನಲ್ಲ.”

“ತಿರುಪಲ್ಲ ಸರ್. ಗುಂಡಗಿದೆ.”

ಒಳಕ್ಕೆ ಜಾರಿದರೆ ಕೆಟ್ಟಿತು. ಉಸಿರು ಬಿಗಿಹಿಡಿದು ಎರಡು ಬೆರಳಲ್ಲಿ ಕಚ್ಚಿಸಿಕೊಂಡು ಮೆಲ್ಲಗೆ ಹೊರಗೆ ತಂದಳು. ಒಂದು ರೂಪಾಯಿ ನಾಣ್ಯ. ಒಂದು ಮಗ್ಗುಲಿಗೆ ಕುಂಕುಮ ಒಣಗಿ ಅಂಟಿತ್ತು.

ಯಾರದು ಎಂದು ಕೇಳಲು ತಲೆ ಎತ್ತಿದಳು, ಕೇಳಲಿಲ್ಲ. ಮೊನ್ನೆ ಎಲ್ಲರೂ ಪ್ರಸಾದಕ್ಕೆ ಹೋದ ಮೇಲೆ ಚಂದ್ರಶೇಖರಯ್ಯ ಒಬ್ಬರೇ ಗೆರೆಯ ಒಳಗೆ ಕಣ್ಣು ಮುಚ್ಚಿ ನಿಂತಿದ್ದರು. ಎಂಜಿನ್ ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು ಇವಳು ಮುಂದೆ ನಡೆದಿದ್ದಳು. ಈಗ ಅವರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಕೈ ಚಾಚಿ ನಾಣ್ಯ ಇಸಿದುಕೊಂಡರು.

“ಬಾಯಿ ಅಂಚಿನ ಮೇಲೆ ಇಟ್ಟಿದ್ದೆ, ಜಾರಿರ್ಬೇಕು,” ಎಂದರು. ಕುಂಕುಮವನ್ನು ಹೆಬ್ಬೆರಳಲ್ಲಿ ಉಜ್ಜುತ್ತ, ಅವಳ ಮುಖ ನೋಡದೆ ಹೇಳಿದರು: “ಹಾರೋ ಹುಡುಗ ಸುಖವಾಗಿ ಇಳೀಲಿ ಅಂತ ಇಟ್ಟಿದ್ದು ಕಣಮ್ಮ.”