ಬೆನ್ನ ಹಿಂದಿನ ದನಿ

ಮಡಚುತ್ತಿದ್ದ ಶರಟನ್ನು ಕೈಯಲ್ಲೇ ಹಿಡಿದು, ಅವಳು ಸೋಫಾದ ಹಿಂದೆ ನಿಂತು ಮತ್ತೆ ಕರೆದಳು. "ರೀ, ಬೇರೆ ಊರಿಗೆ ಬಂದಿರೋ ನನ್ನ ವರ್ಗಾವಣೆಗೆ ಒಪ್ಕೊಳ್ಲಾ, ಬೇಡ್ವಾ? ಇವತ್ತೇ ಆಫೀಸಿಗೆ ಹೇಳ್ಬೇಕು."

ಗಂಡ ಹೆಡ್‌ಫೋನ್ ಏರಿಸಿಕೊಂಡು ಸಿನಿಮಾ ನೋಡುತ್ತಿದ್ದ. ಥಿಯೇಟರಿನಲ್ಲಿ ಹಿಂದೆ ಮುಂದೆ ಸುತ್ತಲಿಂದಲೂ ಬರುವ ಐದು ಸ್ಪೀಕರುಗಳ ಸದ್ದನ್ನು ಹೆಡ್‌ಫೋನಿನ ಎರಡೇ ಕಿವಿಗೆ ಇಳಿಸಲು ವಾರವಿಡೀ ಹೆಣಗಿದ್ದ ಮಹಾನುಭಾವ. ಈಗ ತೊಡೆ ತಟ್ಟಿಕೊಂಡು, ಪಕ್ಕದಲ್ಲಿದ್ದ ತಮ್ಮನಿಗೆ ಕಿರುಚಿದ: "ಸಿಕ್ತು ಕಣೋ! ಯಾರೋ ಹೆಂಗಸು ಬೆನ್ನ ಹಿಂದೇನೇ ನಿಂತು ಗೊಣಗಿದ ಹಾಗೆ ಕೇಳಿಸ್ತು. ಥೇಟ್ ನಿಜಾನೇ!"

ತಮ್ಮ ಅವಳತ್ತ ನೋಡಿ ಕಿಸಕ್ಕನೆ ನಕ್ಕ. "ಅತ್ತಿಗೆ, ನಿಮ್ಮನ್ನೂ ಸಿನಿಮಾಕ್ಕೆ ಸೇರಿಸ್ಬಿಟ್ಟ!"

ಕೋಣನ ಮುಂದೆ ಒಂದಲ್ಲ, ಐದು ಕಿನ್ನರಿ ಬಾರಿಸಿದರೂ ಅಷ್ಟೇ. ಅವಳು ಶರಟನ್ನು ಮಡಚದೆ ಅವನ ಪಕ್ಕಕ್ಕೆ ಎಸೆದು, ತನ್ನ ಬಟ್ಟೆಗಳನ್ನಷ್ಟೇ ಎತ್ತಿಕೊಂಡಳು. ವರ್ಗಾವಣೆಗೆ ಒಪ್ಪಿಕೊಳ್ಳುವುದೆಂದು ಆ ಗಳಿಗೆಯಲ್ಲೇ ನಿರ್ಧರಿಸಿದ್ದಳು; ಇನ್ನೊಮ್ಮೆ ಕರೆಯಲಿಲ್ಲ.